ಟಕ್ ಅನ್ನಬೇಕು

ಗುಂಡಿಯೊಳಗೆ ನಾವಿಬ್ಬರು, ಮೇಲೆ ಝುಝುನಾಳ ಕಾರು.
ಎಪ್ಪತ್ತೊಂಬತ್ತರ ಝಿಗುಲಿ, ಒಳಗೆಲ್ಲ ಉಪ್ಪುನೀರಿನ ವಾಸನೆ.
ಬಗ್ದಾತಿಯಿಂದ ಕುತೈಸಿಯ ಸಂತೆಗೆ ವಾರಕ್ಕೆ ಮೂರು ಸಲ
ಚೀಸಿನ ಬಕೀಟು ಹೊತ್ತೂ ಹೊತ್ತೂ
ಕ್ಲಚ್ಚು ತುಳಿದಾಗಲೆಲ್ಲ ಹಂದಿಮರಿಯ ಹಾಗೆ
ಕಿರುಚಲು ಶುರುಮಾಡಿ ತಿಂಗಳಾಯಿತಂತೆ.

ಬಕೀಟನ್ನೇ ಬೋರಲು ಹಾಕಿ ಗುಂಡಿಯ ಅಂಚಿಗೆ ಕೂತಿದ್ದಾಳೆ.
ನನಗೆ ಕಾಣುವುದು ಬೂಟು ಮಾತ್ರ.
"ಎಲ್ಗುಜಾ, ಮಧ್ಯಾಹ್ನಕ್ಕೆ ಆಗುತ್ತಾ?" ಬೂಟು ಕೇಳುತ್ತದೆ.
ಆ ಕಡೆಗಿರುವುದು ಮಾವನ ಎಡಗಿವಿ.
ಅದು ಲಾರಿ ಕಾರ್ಖಾನೆಯಲ್ಲೇ ಉಳಿಯಿತು,
ತಗಡು ಒತ್ತುವ ಯಂತ್ರದ ಬಳಿ, ಇಪ್ಪತ್ತೆರಡು ವರ್ಷದ ಸರ್ವೀಸಿನ ಲೆಕ್ಕಕ್ಕೆ.
ಬಲಗಿವಿ, ಮನಸ್ಸು ಬಂದರೆ ಕೆಲಸ ಮಾಡುತ್ತದೆ.

ಹಳೆಯ ಬೇರಿಂಗು ಕಿತ್ತು ನನ್ನ ಅಂಗೈಗಿಟ್ಟ.
ತಿರುಗಿಸಿದೆ. ಅನ್ನದಲ್ಲಿ ಮರಳು ಜಗಿದ ಹಾಗೆ.
"ಹಿಡಿಯೋದು ಯಾರಿಗಾದರೂ ಬರುತ್ತೆ, ಗೋಗೋ.
ಈ ಬಡಪಾಯಿಯ ಕೆಲಸ ಬಿಡಿಸೋದು."
ಹೇಳಿದವನು ಹಿಡಿದದ್ದನ್ನು ಎಂದೂ ಬಿಟ್ಟವನಲ್ಲ:
ಒಂದು ಬೇಲಿಗೂಟಕ್ಕಾಗಿ ಪಕ್ಕದ ಮನೆಯ ಪಾರ್ಮೆನ್ ಜೊತೆ
ಹದಿನಾಲ್ಕು ವರ್ಷದಿಂದ ಮಾತಿಲ್ಲ.

ಗೇರ್‌ಬಾಕ್ಸು ಹಲಗೆಯ ಮೇಲೆ ಅಂಗಾತ ಬಿದ್ದಿತ್ತು.
ಅದರ ಗಂಟಲನ್ನು ಸೀಮೆಎಣ್ಣೆಯಲ್ಲಿ ತೊಳೆದೆ,
ಗುಂಡು ತಲೆಯ ಆ ಮೊಳೆಗೆ ಗ್ರೀಸು, ಕಡಲೆಕಾಳಿನಷ್ಟು,
ಜಾಸ್ತಿಯಾದರೆ ಕ್ಲಚ್ ಪ್ಲೇಟಿಗೆ ಹಾರಿ ಮತ್ತೆ ಬೇರೆ ಗೋಳು.
ಕವಲು ಅದರ ಮೇಲೆ ಕೂರಬೇಕು,
ಹಿಂದಿನ ತಂತಿ, ಹೇರ್‌ಪಿನ್ನಿನಷ್ಟೇ ಇರುವ ತಂತಿ,
ಗುಂಡಿನ ಕತ್ತಿನ ಹಿಂದೆ ಜಾರಿ ಟಕ್ ಅನ್ನಬೇಕು.

ಅನ್ನಲಿಲ್ಲ.
"ಮಾವಾ, ಅನ್ನಲಿಲ್ಲ."
"ಅಂತು."
"ನಾನು ಕೇಳಿಲ್ಲ."
"ನೀನು ಹುಟ್ಟೋಕೆ ಮುಂಚೆ ಇಂಥವು ಸಾವಿರ ಕೂರಿಸಿದೀನಿ."
ಸಾವಿರ ಕೂರಿಸಿದವನ ಎದುರು
ಇಪ್ಪತ್ತರ ಹುಡುಗಿಯ ಎರಡು ಒಳ್ಳೆಯ ಕಿವಿಗೆ ಏನು ಬೆಲೆ?

ಎತ್ತಿದೆವು. ಅವನ ಎದೆ, ನನ್ನ ಮೊಣಕಾಲು,
ಶಾಫ್ಟಿನ ಹಲ್ಲಿಗೆ ಪ್ಲೇಟಿನ ಹಲ್ಲು ಕಾಣದೆ ಹುಡುಕಾಡಿ
ಕೊನೆಗೂ ಒಳಗೆ ಹೋಯಿತು. ಬೋಲ್ಟು, ಪ್ರೊಪೆಲ್ಲರ್ ಶಾಫ್ಟು, ಸಿಲಿಂಡರು.
ಝುಝುನಾ ಹತ್ತಿ ಪೆಡಲು ಒತ್ತಿದಳು.
ಹಸಿ ಮಣ್ಣಿಗೆ ಕಾಲಿಟ್ಟ ಹಾಗೆ ತಳದವರೆಗೂ ಹೋಯಿತು ಪೆಡಲು,
ಗೇರು ಗರಗರ ಅಂತು.
ಅದು ಮಾವನಿಗೂ ಕೇಳಿಸಿತು.

ಯಾರೂ ಏನೂ ಅನ್ನಲಿಲ್ಲ. ಮತ್ತೆ ಸ್ಪ್ಯಾನರು.
ಮತ್ತೆ ಇಪ್ಪತ್ತೇಳು ಕಿಲೋ ಎದೆಯ ಮೇಲೆ ಇಳಿಯಿತು.
ಕವಲು ಗುಂಡಿನಿಂದ ಜಾರಿ ಓರೆಯಾಗಿ ಒರಗಿತ್ತು,
ಬೈಸಿಕೊಳ್ಳಲು ಕಾದ ಮಗುವಿನ ಹಾಗೆ.
ಅವನು ಅದನ್ನು ನನ್ನ ಕೈಗೆ ಕೊಟ್ಟ.
ಒತ್ತಿದೆ, ಸ್ವಲ್ಪ ಮೇಲೆ ಎತ್ತಿ ಒತ್ತಿದೆ,
ಉಗುರು ಸೀಳಿತು, ಟಕ್.
ಅವನ ಮುಖ ನೋಡಿದೆ.
ಅವನು ನನ್ನ ಮುಖ ನೋಡುತ್ತಿದ್ದ,
ಅಂತೋ ಇಲ್ಲವೋ ಎಂದು ಅಲ್ಲಿ ಓದುತ್ತ.

ಸಂಜೆಯಾಯಿತು. ಬೂಟು ಎರಡು ಸಲ ಮನೆಗೆ ಫೋನು ಮಾಡಿತು.
ಕಡೆಗೆ ಇಂಜಿನು ಹಚ್ಚಿ, ಪೆಡಲು ಒತ್ತಿ ಹಿಡಿ ಎಂದು ಕೂಗಿ,
ಮಾವ ಉದ್ದನೆ ಸ್ಕ್ರೂಡ್ರೈವರಿನ ಮೊನೆಯನ್ನು
ಗೇರ್‌ಬಾಕ್ಸಿನ ಗಂಟೆಗೆ ಆನಿಸಿ
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿದ.
ಹಲ್ಲು ಕಚ್ಚಿ ಬದುಕಿದ ಅಂತಾರಲ್ಲ, ಹಾಗಲ್ಲ,
ಹಲ್ಲಿನಿಂದ ಕೇಳುತ್ತಾನೆ. ಎಲುಬಿನಿಂದ.
ಹಿಡಿಯ ಮೇಲೆ ಹಲ್ಲಿನ ಗುರುತು ಸಾಲು ಸಾಲು,
ಎಷ್ಟು ವರ್ಷದಿಂದಲೋ, ನಾನು ನೋಡಿರಲೇ ಇಲ್ಲ.

ಹಂದಿಮರಿ ಇರಲಿಲ್ಲ. ಹೊಸ ಬೇರಿಂಗು ಮೆಲ್ಲಗೆ ಸುತ್ತುತ್ತಿತ್ತು.
ನನಗೆ ಅರ್ಧ ನಿಮಿಷದಲ್ಲೇ ಗೊತ್ತಾಯಿತು.
ಅವನು ಕಣ್ಣು ಮುಚ್ಚಿ ಹಾಗೇ ನಿಂತಿದ್ದ.

"ಬಿಡಲಾ?" ಮೇಲಿನಿಂದ ಝುಝುನಾ. "ಕಾಲು ಜೋಮು ಹಿಡೀತು, ಬಿಡಲಾ?"

ತಾಳು, ಎಂದೆ. ಇನ್ನೂ ಕೇಳುತ್ತಿದ್ದಾನೆ.